ಕರೆಂಟ್ ಹಿಡ್ಕೊಳ್ಳಲ್ಲ, ಕೈ ಹಿಡ್ಕೊಳ್ಳುತ್ತೆ

ನಮ್ಮ ಸಿಲಬಸ್‌ನಲ್ಲಿ ರೆಸಿಸ್ಟರ್ ಇದೆ, ಇಂಡಕ್ಟರ್ ಇದೆ, ಕೆಪಾಸಿಟರ್ ಇದೆ, ಡಯೋಡ್ ಇದೆ, ಟ್ರಾನ್ಸಿಸ್ಟರ್ ಇದೆ. ಮನುಷ್ಯ ಇಲ್ಲ. ಬೇಸಿಕ್ ಎಲೆಕ್ಟ್ರಿಕಲ್ ಪುಸ್ತಕದ ಕೊನೆಯಲ್ಲಿ ಅರ್ಥಿಂಗ್, ಫ್ಯೂಸ್, ಶಾಕ್ ಅಂತ ಒಂದೆರಡು ಪುಟ ಬರುತ್ತೆ. ಅದು ಐದು ಮಾರ್ಕ್ಸಿನ ಪ್ರಶ್ನೆ, ಅಷ್ಟೇ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳನ್ನು ತೆಗೆದು ನೋಡಿದರೆ, ನಮ್ಮ ದೇಶದಲ್ಲಿ ವಿದ್ಯುತ್ ಆಘಾತದಿಂದ ಸಾಯುವವರ ಸಂಖ್ಯೆ ವರ್ಷಕ್ಕೆ 10,000ಕ್ಕೂ ಹೆಚ್ಚು. ಐದು ಮಾರ್ಕ್ಸಿಗೆ ಇದು ತುಂಬಾ ದೊಡ್ಡ ಪ್ರಶ್ನೆ ಅಲ್ವಾ?

ಈ ಲೇಖನದಲ್ಲಿ ನಾವು ಹೇಳಬೇಕು ಅಂದುಕೊಂಡಿರೋದು ಇಷ್ಟು: ಮನುಷ್ಯನ ದೇಹವೂ ವಿದ್ಯುತ್ತಿನಿಂದಲೇ ನಡೆಯುವ ಯಂತ್ರ. ಅದು ಹೇಗೆ ನಡೆಯುತ್ತೆ ಅನ್ನೋದು ಗೊತ್ತಿದ್ದರೆ, ಹೊಲದ ಸ್ಟಾರ್ಟರ್ ಬಾಕ್ಸ್ ಯಾಕೆ ಜೀವ ತೆಗೆಯುತ್ತೆ ಅನ್ನೋದೂ ಗೊತ್ತಾಗುತ್ತೆ, ಅದನ್ನು ತಡೆಯೋದು ಹೇಗೆ ಅನ್ನೋದೂ ಗೊತ್ತಾಗುತ್ತೆ. ಮತ್ತು ಅದನ್ನು ಕನ್ನಡದಲ್ಲಿ ಹೇಳೋ ಕೆಲಸ ನಮ್ಮದೇ.

ಬರಗೂರಿನಿಂದ ಶುರು ಮಾಡೋಣ. ಬರಗೂರು ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಬರಗೂರು ರಾಮಚಂದ್ರಪ್ಪನವರು. ಊರು ಇರೋದು ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕೂ ಬಯಲುಸೀಮೆಯ ತಾಲ್ಲೂಕುಗಳು. ಮಳೆ ಕಡಿಮೆ. ಕೆರೆ ತುಂಬೋದು ಅಪರೂಪ. ಕಡ್ಲೆಕಾಯಿ, ರಾಗಿ ಮಳೆ ನಂಬಿಕೊಂಡರೆ, ತೆಂಗು ಅಡಿಕೆ ಬೋರ್‌ವೆಲ್ ನಂಬಿಕೊಂಡಿವೆ. ಬೋರ್‌ವೆಲ್ ಕರೆಂಟ್ ನಂಬಿಕೊಂಡಿದೆ.

ಪಕ್ಕದ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆ ಆಯಿತು, ಸಾಮರ್ಥ್ಯ 2,050 ಮೆಗಾವ್ಯಾಟ್. ನಮ್ಮ ಕಾಲೇಜುಗಳಿಂದ ಇಂಡಸ್ಟ್ರಿಯಲ್ ವಿಸಿಟ್ ಅಂತ ಬಸ್ ಹೊರಟರೆ ಅಂಥ ಜಾಗಕ್ಕೇ ಹೋಗೋದು. ಅಲ್ಲಿ ಇನ್ವರ್ಟರ್, ಸಬ್‌ಸ್ಟೇಷನ್, ಸ್ಕಾಡಾ ಸ್ಕ್ರೀನ್ ಎಲ್ಲ ನೋಡಬಹುದು. ಆದರೆ ಅದೇ ರಸ್ತೆಯ ಪಕ್ಕದ ಹೊಲದಲ್ಲಿ ಒಂದು ಕಲ್ಲಿನ ಕಂಬ, ಅದಕ್ಕೆ ಕಟ್ಟಿದ ತಗಡಿನ ಡಬ್ಬಿ, ಡಬ್ಬಿಯೊಳಗೆ ಸ್ಟಾರ್ಟರ್, ಫ್ಯೂಸ್ ಜಾಗದಲ್ಲಿ ಸುತ್ತಿದ ತಂತಿ, ಕೆಳಗೆ ಒದ್ದೆ ನೆಲ, ಇದನ್ನು ನೋಡೋಕೆ ಯಾರೂ ಬಸ್ ನಿಲ್ಲಿಸಲ್ಲ. ಮೆಗಾವ್ಯಾಟಿನಲ್ಲಿ ಲೆಕ್ಕ ಹಾಕೋ ಕಡೆ ಸೇಫ್ಟಿ ಆಫೀಸರ್ ಇರುತ್ತಾರೆ. ಐದು ಎಚ್‌ಪಿ ಲೆಕ್ಕದ ಕಡೆ ರೈತನ ಬರಿಗಾಲೇ ಅರ್ಥಿಂಗ್.

ಆ ಬರಿಗಾಲಿನ ಮನುಷ್ಯನ ಒಳಗೆ ಏನು ನಡೀತಿದೆ, ಮೊದಲು ಅದನ್ನು ನೋಡೋಣ.

ನಮ್ಮ ಪ್ರತಿಯೊಂದು ನರಕೋಶದ ಸುತ್ತ ತೆಳುವಾದ ಪೊರೆ ಇದೆ. ಪೊರೆಯ ಒಳಗಡೆ ಹೊರಗಡೆಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ. 70 ಮಿಲಿವೋಲ್ಟ್ ಅಂದ್ರೆ ಪೆನ್‌ಟಾರ್ಚ್ ಸೆಲ್ಲಿನ ಇಪ್ಪತ್ತರಲ್ಲಿ ಒಂದು ಪಾಲು ಅಂತ ನಗಬೇಡಿ. ಪೊರೆಯ ದಪ್ಪ ಏಳು ನ್ಯಾನೋಮೀಟರ್ ಅಂತ ಇಟ್ಟುಕೊಂಡು ಭಾಗಿಸಿ ನೋಡಿ: ಮೀಟರಿಗೆ ಒಂದು ಕೋಟಿ ವೋಲ್ಟ್. ಗಾಳಿಯಲ್ಲಿ ಕಿಡಿ ಹಾರೋಕೆ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು. ಅಂದ್ರೆ ಮೋಡದಲ್ಲಿ ಮಿಂಚು ಹುಟ್ಟಿಸೋದಕ್ಕಿಂತ ಜೋರಾದ ಎಲೆಕ್ಟ್ರಿಕ್ ಫೀಲ್ಡ್ ಈ ಕ್ಷಣ ಈ ಸಾಲು ಓದುತ್ತಿರೋ ನಿಮ್ಮ ಮಿದುಳಿನ ಪ್ರತಿ ಕೋಶದಲ್ಲೂ ಇದೆ.

ಆ ವ್ಯತ್ಯಾಸವನ್ನು ಕಾಯ್ದುಕೊಳ್ಳೋದು ಒಂದು ಪಂಪು. ಸೋಡಿಯಂ ಪೊಟ್ಯಾಸಿಯಂ ಪಂಪ್ ಅಂತ ಹೆಸರು. ಒಂದು ಸಲಕ್ಕೆ ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ಹಾಕುತ್ತೆ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತೆ. ನಾವು ಸುಮ್ಮನೆ ಕೂತಿದ್ದಾಗ ದೇಹ ಖರ್ಚು ಮಾಡೋ ಶಕ್ತಿಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಈ ಪಂಪಿಗೇ ಹೋಗುತ್ತೆ. ಬರಗೂರಿನ ಹೊಲದ ಪಂಪಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್. ಈ ಪಂಪಿಗೆ ಇಪ್ಪತ್ತನಾಲ್ಕು ಗಂಟೆ, ಲೋಡ್‌ಶೆಡ್ಡಿಂಗ್ ಇಲ್ಲ. ಒಂದು ದಿನ ನಿಂತರೆ ನಾವೇ ಇಲ್ಲ.

ನರದಲ್ಲಿ ಸಂದೇಶ ಹೋಗೋದು ತಂತಿಯಲ್ಲಿ ಎಲೆಕ್ಟ್ರಾನ್ ಹರಿದ ಹಾಗೆ ಅಲ್ಲ. ಸಾಲಾಗಿ ನಿಲ್ಲಿಸಿದ ಇಟ್ಟಿಗೆಗಳಲ್ಲಿ ಮೊದಲನೆಯದನ್ನು ತಳ್ಳಿದರೆ ಏನಾಗುತ್ತೆ? ಒಂದು ಇನ್ನೊಂದನ್ನು ಬೀಳಿಸುತ್ತಾ ಹೋಗುತ್ತೆ. ಇಲ್ಲೂ ಹಾಗೇ. ಪೊರೆಯ ಒಂದು ಕಡೆ ಸೋಡಿಯಂ ಬಾಗಿಲು ತೆರೆಯುತ್ತೆ, ಸೋಡಿಯಂ ಒಳಗೆ ನುಗ್ಗುತ್ತೆ, ಅಲ್ಲಿನ ವೋಲ್ಟೇಜ್ ಏರುತ್ತೆ, ಆ ಏರಿಕೆ ಪಕ್ಕದ ಬಾಗಿಲನ್ನು ತೆರೆಸುತ್ತೆ. ಹಿಂದೆಯೇ ಪೊಟ್ಯಾಸಿಯಂ ಹೊರಗೆ ಹೋಗಿ ಬಿದ್ದ ಇಟ್ಟಿಗೆಯನ್ನು ಮತ್ತೆ ಎದ್ದು ನಿಲ್ಲಿಸುತ್ತೆ. ಒಂದು ಜಾಗದಲ್ಲಿ ಇದೆಲ್ಲ ಮುಗಿಯೋಕೆ ಒಂದೆರಡು ಮಿಲಿಸೆಕೆಂಡ್. ಅತಿ ವೇಗದ ನರಗಳಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 100 ಮೀಟರ್ ಓಡುತ್ತೆ. ಈ ಲೆಕ್ಕವನ್ನು ಸಮೀಕರಣದಲ್ಲಿ ಬರೆದು ತೋರಿಸಿದವರು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ, 1952ರಲ್ಲಿ, ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರದ ಮೇಲೆ ಪ್ರಯೋಗ ಮಾಡಿ. 1963ರಲ್ಲಿ ನೊಬೆಲ್ ಬಂತು. ಅವರ ಮಾಡೆಲ್ ತೆರೆದು ನೋಡಿ: ಒಂದು ಕೆಪಾಸಿಟರ್, ಪಕ್ಕದಲ್ಲಿ ಬದಲಾಗುವ ರೆಸಿಸ್ಟರ್‌ಗಳು, ಅವಕ್ಕೆ ಒಂದೊಂದು ಬ್ಯಾಟರಿ. ನಮ್ಮ ಮೂರನೇ ಸೆಮಿಸ್ಟರ್ ನೆಟ್‌ವರ್ಕ್ ಅನಾಲಿಸಿಸ್ ಓದಿದವರಿಗೆ ಅದು ಗುರುತು ಸಿಗುತ್ತೆ.

ಈಗ ಗುಂಡಿಗೆ. ಗುಂಡಿಗೆಯ ಬಲಭಾಗದ ಮೇಲಿನ ಕೋಣೆಯಲ್ಲಿ ಒಂದು ಚಿಕ್ಕ ಗಂಟು ಇದೆ, ಸೈನೋಏಟ್ರಿಯಲ್ ನೋಡ್. ಯಾರೂ ಹೇಳದೆ ಅದು ನಿಮಿಷಕ್ಕೆ 60ರಿಂದ 100 ಸಲ ತಾನೇ ಮಿಡಿಯುತ್ತೆ. ಮೇಲಿನ ಕೋಣೆಗಳು ಹಿಂಡುತ್ತವೆ, ನಡುವೆ ಸೆಕೆಂಡಿನ ಹತ್ತರಲ್ಲಿ ಒಂದು ಪಾಲು ತಡ, ಆಮೇಲೆ ಕೆಳಗಿನ ಕೋಣೆಗಳು. ಆ ತಡ ಇರೋದರಿಂದಲೇ ಮೇಲಿನ ರಕ್ತ ಕೆಳಗೆ ಇಳಿಯೋಕೆ ಸಮಯ ಸಿಗುತ್ತೆ. ಡೊಳ್ಳು ಕುಣಿತದ ತಂಡ ಇದ್ದ ಹಾಗೆ, ಕೋಟಿಗಟ್ಟಲೆ ಕೋಶಗಳು ಒಬ್ಬನ ತಾಳಕ್ಕೆ ಒಟ್ಟಿಗೆ ಕುಣಿಯುತ್ತವೆ.

ಈ ತಾಳವನ್ನು ಚರ್ಮದ ಮೇಲೆ ಅಳೆದರೆ ಸಿಗೋದು ಬರೀ ಒಂದು ಮಿಲಿವೋಲ್ಟ್ ಆಸುಪಾಸು. ನೂರಿಪ್ಪತ್ತು ವರ್ಷದ ಹಿಂದೆ ಅದನ್ನು ಅಳೆದವರು ನೆದರ್‌ಲ್ಯಾಂಡ್ಸ್‌ನ ವಿಲೆಮ್ ಐಂತೋವನ್. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತಲ್ಲ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಅವರು ಗುಂಡಿಗೆಯ ಕರೆಂಟನ್ನು ಹಾಳೆಯ ಮೇಲೆ ಬರೆಸುತ್ತಿದ್ದರು. 1924ರಲ್ಲಿ ಅವರಿಗೂ ನೊಬೆಲ್ ಬಂತು. ಅವರ ಯಂತ್ರದ ಹಳೆಯ ಫೋಟೋ ನೋಡಿದರೆ ಒಂದು ವಿಚಿತ್ರ ಕಾಣುತ್ತೆ: ಕುಳಿತ ಮನುಷ್ಯನ ಎರಡು ಕೈ, ಒಂದು ಕಾಲು ಉಪ್ಪುನೀರಿನ ಪಾತ್ರೆಗಳಲ್ಲಿ ಮುಳುಗಿವೆ. ಯಾಕೆ? ಒಣ ಚರ್ಮ ಒಳ್ಳೆ ಇನ್ಸುಲೇಟರ್. ಅದರ ತಡೆ ಲಕ್ಷ ಓಮ್‌ವರೆಗೂ ಹೋಗಬಹುದು. ಒಳಗಿನ ಪುಟ್ಟ ಸಿಗ್ನಲ್ ಹೊರಗೆ ಬರಬೇಕಾದರೆ ಚರ್ಮ ಒದ್ದೆ ಆಗಬೇಕು, ಉಪ್ಪಾಗಬೇಕು. ಇವತ್ತು ಆ ಪಾತ್ರೆಗಳ ಬದಲು ಆಸ್ಪತ್ರೆಯಲ್ಲಿ ಜೆಲ್ ಹಚ್ಚುತ್ತಾರೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ. ಎಲ್ಲದರ ಮೂಲ ಆ ಉಪ್ಪುನೀರು.

ನಮ್ಮ ವಾದದ ತಿರುಳು ಇಲ್ಲಿದೆ. ಒಳಗಿನ ಕರೆಂಟ್ ಹೊರಗೆ ಬರೋ ಬಾಗಿಲೇ ಹೊರಗಿನ ಕರೆಂಟ್ ಒಳಗೆ ಹೋಗೋ ಬಾಗಿಲು. ಬೆವರು ಅಂದ್ರೆ ಉಪ್ಪುನೀರು. ತೋಟಕ್ಕೆ ನೀರು ಹಾಯಿಸುತ್ತಾ, ಒದ್ದೆ ಕೈ, ಕೆಸರು ಕಾಲಲ್ಲಿ ಸ್ಟಾರ್ಟರ್ ಮುಟ್ಟೋ ರೈತ ಐಂತೋವನ್ ಕೂರಿಸಿದ ಕುರ್ಚಿಯಲ್ಲೇ ಕೂತಿದ್ದಾನೆ. ವ್ಯತ್ಯಾಸ ಇಷ್ಟೇ, ಆ ಕಡೆ ಗ್ಯಾಲ್ವನೋಮೀಟರ್ ಇಲ್ಲ, 230 ವೋಲ್ಟ್ ಇದೆ. ಒದ್ದೆ ದೇಹದ ತಡೆ ಸುಮಾರು 1,000 ಓಮ್ ಅಂತ ಇಟ್ಟುಕೊಳ್ಳಿ. ಓಮ್‌ನ ನಿಯಮ ಹಾಕಿದರೆ 230 ಮಿಲಿಆಂಪಿಯರ್.

230 ಮಿಲಿಆಂಪಿಯರ್ ಏನು ಮಾಡುತ್ತೆ? ಒಂದು ಮಿಲಿಆಂಪಿಯರ್ ಆಸುಪಾಸಿನಲ್ಲಿ ಜುಂ ಅನ್ನುತ್ತೆ. ಹತ್ತು ದಾಟಿದರೆ ಮಾಂಸಖಂಡ ಬಿಗಿದುಕೊಳ್ಳುತ್ತೆ. ಮೂವತ್ತರ ಸುತ್ತ ಉಸಿರಾಟಕ್ಕೆ ತೊಂದರೆ. ಐವತ್ತರಿಂದ ನೂರು ಮಿಲಿಆಂಪಿಯರ್ ಎದೆಯ ಮೂಲಕ ಒಂದೆರಡು ಸೆಕೆಂಡ್ ಹರಿದರೆ ಗುಂಡಿಗೆಯ ತಾಳ ತಪ್ಪುತ್ತೆ. ಡೊಳ್ಳಿನ ತಂಡದ ಪ್ರತಿಯೊಬ್ಬನೂ ಅವನವನ ತಾಳಕ್ಕೆ ಬಾರಿಸಿದ ಹಾಗೆ. ಗುಂಡಿಗೆ ಅದುರುತ್ತೆ, ಆದರೆ ರಕ್ತ ಪಂಪ್ ಆಗಲ್ಲ. ಇದಕ್ಕೆ ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಅನ್ನುತ್ತಾರೆ. ಹೊರಗಿಂದ ನೋಡಿದರೆ ಮೈಮೇಲೆ ಒಂದು ಗಾಯವೂ ಇಲ್ಲದೇ ಇರಬಹುದು.

ಶಿರಾ ಕಡೆಯ ಮಾತಿನಲ್ಲಿ ಎರಡು ಬೇರೆ ಬೇರೆ ಪ್ರಯೋಗ ಇರೋದನ್ನು ಗಮನಿಸಿ. ‘ಕರೆಂಟ್ ಹೊಡೀತು’ ಅಂತಾರೆ, ‘ಕರೆಂಟ್ ಹಿಡ್ಕೊಂತು’ ಅಂತಾರೆ. ಹೊಡೆದರೆ ಮನುಷ್ಯ ದೂರ ಹೋಗಿ ಬೀಳುತ್ತಾನೆ, ಬದುಕುತ್ತಾನೆ ಅನ್ನೋ ಆಸೆ ಇದೆ. ಹಿಡ್ಕೊಂಡರೆ ಕಷ್ಟ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ‘ಶಾಕ್’ ಅನ್ನೋ ಒಂದೇ ಪದ ಗೊತ್ತಿತ್ತು. ಊರಿನವರು ಅದನ್ನು ಎರಡು ಮಾಡಿಟ್ಟಿದ್ದಾರೆ. ಎಂಜಿನಿಯರಿಂಗ್ ಭಾಷೆಯಲ್ಲಿ ‘ಲೆಟ್ ಗೋ ಕರೆಂಟ್’ ಅಂತ ಹೇಳೋ ಮಿತಿಯ ಈಚೆ ಆಚೆ ಅದು. ಆದರೆ ಒಂದು ತಿದ್ದುಪಡಿ ಬೇಕು. ಕರೆಂಟ್ ಯಾರನ್ನೂ ಹಿಡ್ಕೊಳ್ಳಲ್ಲ. ಮಾಂಸಖಂಡಕ್ಕೆ ಗೊತ್ತಿರೋದು ಮಿದುಳಿನಿಂದ ಬರೋ ಮಿಲಿವೋಲ್ಟ್ ಭಾಷೆ. 50 ಹರ್ಟ್ಸ್ ಕರೆಂಟ್ ಅದೇ ಭಾಷೆಯಲ್ಲಿ ಬಿಡುವಿಲ್ಲದೆ ‘ಬಿಗಿ, ಬಿಗಿ, ಬಿಗಿ’ ಅಂತ ಕೂಗುತ್ತೆ. ಮುಷ್ಟಿ ಮುಚ್ಚೋ ಮಾಂಸಖಂಡಗಳು ತೆರೆಯೋವಕ್ಕಿಂತ ಬಲವಾಗಿರೋದರಿಂದ ಕೈ ತಾನೇ ತಂತಿಯನ್ನು ಹಿಡ್ಕೊಳ್ಳುತ್ತೆ. ಕರೆಂಟಿಗೆ ಸೆಳೆಯೋ ಶಕ್ತಿ ಇಲ್ಲ. ನಮ್ಮ ಕೈಯೇ ನಮ್ಮ ಮಾತು ಕೇಳಲ್ಲ, ಅಷ್ಟೇ.

‘ಫ್ಯೂಸ್ ಇದೆಯಲ್ಲ, ಹಾರುತ್ತೆ ಬಿಡ್ರಿ’ ಅಂತ ಹೇಳೋವ್ರಿಗೆ ಲೆಕ್ಕ ತೋರಿಸೋಣ. ಐದು ಎಚ್‌ಪಿ ಮೋಟರ್ ಸುಮ್ಮನೆ ಓಡೋವಾಗಲೇ ಏಳೆಂಟು ಆಂಪಿಯರ್ ಎಳೆಯುತ್ತೆ. ಅದಕ್ಕೆ ಹಾಕಿರೋ ಫ್ಯೂಸ್ ಅದಕ್ಕಿಂತ ದೊಡ್ಡದೇ ಇರಬೇಕು. ಮನುಷ್ಯನ ಮೂಲಕ ಹರಿಯೋ 0.23 ಆಂಪಿಯರ್ ಆ ಫ್ಯೂಸಿಗೆ ಕಾಣಿಸೋದೇ ಇಲ್ಲ. ಫ್ಯೂಸ್ ಇರೋದು ತಂತಿಯನ್ನೂ ಮೋಟರನ್ನೂ ಉಳಿಸೋಕೆ, ಮನುಷ್ಯನನ್ನಲ್ಲ.

‘ಅರ್ಥಿಂಗ್ ಇದೆಯಲ್ಲ’ ಅಂದ್ರೆ ಅದನ್ನೂ ನೋಡಿ. ಅರ್ಥ್ ಪಿಟ್‌ಗೆ ಏನು ಹಾಕುತ್ತೀವಿ? ಉಪ್ಪು, ಇದ್ದಿಲು, ಮೇಲೆ ನೀರು. ಮತ್ತೆ ಅದೇ ಉಪ್ಪುನೀರು! ಬಯಲುಸೀಮೆಯ ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕೋವ್ರು ಯಾರು? ನೆಲ ಒಣಗಿ ಅರ್ಥ್‌ನ ತಡೆ 50 ಓಮ್ ಆಯಿತು ಅಂದುಕೊಳ್ಳಿ. ಸ್ಟಾರ್ಟರ್ ಬಾಕ್ಸಿಗೆ ಫೇಸ್ ತಾಗಿದರೆ ಹರಿಯೋದು 230 ಭಾಗಿಸು 50, ಅಂದ್ರೆ 4.6 ಆಂಪಿಯರ್. ಫ್ಯೂಸ್ ಹಾರಲ್ಲ. ಬಾಕ್ಸ್ ಜೀವಂತವಾಗಿ ಕಾಯುತ್ತಾ ಇರುತ್ತೆ.

ಇದಕ್ಕೆ ಉತ್ತರ ಹೊಸದೇನಲ್ಲ. ಆರ್‌ಸಿಸಿಬಿ. ಹೋಗೋ ಕರೆಂಟ್, ಬರೋ ಕರೆಂಟ್ ಕೂಡಿಸಿದರೆ ಸೊನ್ನೆ ಆಗಬೇಕು ಅನ್ನೋ ಕಿರ್ಚಾಫ್ ನಿಯಮವನ್ನೇ ಅದು ಪ್ರತಿ ಕ್ಷಣ ಪರೀಕ್ಷೆ ಮಾಡುತ್ತೆ. ಸೊನ್ನೆ ಆಗಲಿಲ್ಲ ಅಂದ್ರೆ ಎಲ್ಲೋ ಸೋರಿದೆ, ಬಹುಶಃ ಒಬ್ಬ ಮನುಷ್ಯನ ಮೂಲಕ. 30 ಮಿಲಿಆಂಪಿಯರ್ ಸೋರಿದರೆ 0.3 ಸೆಕೆಂಡಿನ ಒಳಗೆ ಕಟ್. ಈ ಎರಡು ಅಂಕಿಗಳನ್ನು ಯಾರೋ ಸುಮ್ಮನೆ ಆರಿಸಿದ್ದಲ್ಲ. ಗುಂಡಿಗೆಯ ಒಂದು ಬಡಿತಕ್ಕೆ ಸುಮಾರು 0.8 ಸೆಕೆಂಡ್. ಪ್ರತಿ ಬಡಿತದ ಕೊನೆಯಲ್ಲಿ, ಕೋಶಗಳು ಮತ್ತೆ ಚಾರ್ಜ್ ಆಗೋ ಹೊತ್ತಲ್ಲಿ, ತಾಳ ತಪ್ಪೋ ಅಪಾಯದ ಸಣ್ಣ ಕಿಂಡಿ ಇರುತ್ತೆ. ಶಾಕ್ ಒಂದು ಬಡಿತಕ್ಕಿಂತ ಹೆಚ್ಚು ಹೊತ್ತು ಇದ್ದರೆ ಆ ಕಿಂಡಿ ಸಿಕ್ಕೇ ಸಿಗುತ್ತೆ. ಅದಕ್ಕೆ ಮುಂಚೆ ಕಟ್ ಮಾಡಬೇಕು. ಇಡೀ ಸಾಧನದ ಡಿಸೈನ್ ನಿಂತಿರೋದು ಗುಂಡಿಗೆಯ ಮೇಲೆ. ನಮ್ಮ ಸಿಲಬಸ್‌ನಲ್ಲಿ ಇಲ್ಲದ ಕಾಂಪೊನೆಂಟ್ ಮೇಲೆ!

ಹಾಗಾದ್ರೆ ರೈತರು ಯಾಕೆ ಹಾಕಿಸಲ್ಲ? ‘ಅವರಿಗೆ ತಿಳುವಳಿಕೆ ಇಲ್ಲ’ ಅನ್ನೋ ಉತ್ತರ ನಮಗೆ ಒಪ್ಪಿಗೆ ಇಲ್ಲ. ಮನೆಯಿಂದಲೇ ಮೊಬೈಲಲ್ಲಿ ಮೋಟರ್ ಆನ್ ಮಾಡೋ ಸ್ಟಾರ್ಟರ್ ಹಾಕಿಸಿಕೊಂಡಿರೋದು ಅದೇ ರೈತರು. ಅವರಿಗೆ ಉಪಯೋಗ ಕಂಡರೆ ತಂತ್ರಜ್ಞಾನ ನಮಗಿಂತ ಮುಂಚೆ ಹೊಲಕ್ಕೆ ಬರುತ್ತೆ. ನಿಜವಾದ ತೊಡಕು ಬೇರೆ. ನೂರಾರು ಅಡಿ ಆಳದ ನೀರಲ್ಲಿ ಮುಳುಗಿರೋ ಹಳೇ ಕೇಬಲ್, ಅದರಲ್ಲಿ ಹತ್ತಾರು ಜಾಯಿಂಟ್. ಸ್ವಲ್ಪ ಸ್ವಲ್ಪ ಸೋರುತ್ತಲೇ ಇರುತ್ತೆ. 30 ಮಿಲಿಆಂಪಿಯರ್ ಸಾಧನ ಹಾಕಿದರೆ ಅದು ಮೇಲಿಂದ ಮೇಲೆ ಟ್ರಿಪ್ ಆಗಬಹುದು. ರಾತ್ರಿ ಎರಡು ಗಂಟೆಗೆ ಬಂದ ಕರೆಂಟ್, ಟ್ರಿಪ್ ಆದ ಕಾರಣ ಬೆಳಗ್ಗೆಯವರೆಗೆ ನೀರಿಲ್ಲ ಅಂದ್ರೆ ಯಾರು ತಾನೇ ಸುಮ್ಮನಿರುತ್ತಾರೆ? ಮೊದಲ ವಾರವೇ ಬೈಪಾಸ್ ತಂತಿ ಬೀಳುತ್ತೆ. ನಾವಿದ್ದರೂ ಅದನ್ನೇ ಮಾಡ್ತಿದ್ವಿ.

ಇಲ್ಲೇ ಎಂಜಿನಿಯರ್ ಬೇಕಾಗೋದು. ಸೋರೋ ಕೇಬಲನ್ನು ಮೆಗ್ಗರ್ ಹಿಡಿದು ಪತ್ತೆ ಮಾಡಬಹುದು. ಆಗಲೂ 30 ನಿಲ್ಲದಿದ್ದರೆ 100 ಮಿಲಿಆಂಪಿಯರ್ ಸಾಧನ ಹಾಕಿ, ಜೊತೆಗೆ ಸುಮಾರಾದ ಅರ್ಥಿಂಗ್ ಇಟ್ಟರೂ ಸಾಕಷ್ಟು ಲಾಭ ಇದೆ: ಅರ್ಥ್ ತಡೆ 500 ಓಮ್ ಇದ್ದರೂ ಬಾಕ್ಸಿನ ವೋಲ್ಟೇಜ್ 50 ದಾಟೋ ಮುಂಚೆ ಅದು ಟ್ರಿಪ್ ಆಗುತ್ತೆ. ನೇರವಾಗಿ ತಂತಿ ಮುಟ್ಟಿದವನಿಗೆ 100 ಮಿಲಿಆಂಪಿಯರ್ ಪೂರ್ತಿ ರಕ್ಷಣೆ ಅಲ್ಲ, ಎರಡು ಫೇಸ್ ನಡುವೆ ಸಿಕ್ಕಿಕೊಂಡವನಿಗೆ ಯಾವ ಆರ್‌ಸಿಸಿಬಿಯೂ ರಕ್ಷಣೆ ಅಲ್ಲ. ಇದನ್ನೂ ಮುಚ್ಚಿಡದೆ ಹೇಳಬೇಕು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಕರೆಂಟ್ ಉಚಿತವಾಗಿ ಕೊಡೋ ವ್ಯವಸ್ಥೆಗೆ ಆ ಕರೆಂಟಿಂದ ಜೀವ ಉಳಿಸೋ ಒಂದು ಡಬ್ಬಿಯನ್ನೂ ಸೇರಿಸಿ ಕೊಡೋದು ಅಸಾಧ್ಯ ಅಂತ ನಮಗೆ ಅನ್ನಿಸಲ್ಲ. ಹಗಲು ಹೊತ್ತಲ್ಲಿ ತ್ರೀ ಫೇಸ್ ಕೊಡಿ ಅನ್ನೋ ರೈತರ ಹಳೇ ಬೇಡಿಕೆಯೂ ಸೇಫ್ಟಿಯ ಬೇಡಿಕೆಯೇ. ಕತ್ತಲಲ್ಲಿ, ನಿದ್ದೆಗಣ್ಣಲ್ಲಿ, ಒಬ್ಬಂಟಿಯಾಗಿ ಸ್ಟಾರ್ಟರ್ ಮುಟ್ಟೋದು ತಪ್ಪುತ್ತೆ. ಪಾವಗಡದಲ್ಲಿ ಹಗಲು ಹೊತ್ತೇ ಅಷ್ಟೊಂದು ವಿದ್ಯುತ್ ಹುಟ್ಟುವಾಗ ಪಕ್ಕದ ತಾಲ್ಲೂಕಿನ ರೈತ ರಾತ್ರಿ ಯಾಕೆ ಎದ್ದು ಹೋಗಬೇಕು ಅಂತ ಕೇಳೋದು ನ್ಯಾಯವೇ.

ಆದರೂ ಅವಘಡ ಆಗುತ್ತೆ. ಆಗ ಏನು ಮಾಡಬೇಕು? ಮುಟ್ಟಬೇಡಿ. ಮೊದಲು ಮೇನ್ ಆಫ್. ಆಫ್ ಮಾಡೋಕೆ ಆಗದಿದ್ದರೆ ಒಣ ನೆಲದ ಮೇಲೆ ನಿಂತು ಒಣ ಮರದ ಕೋಲಿಂದ ಬಿಡಿಸಿ. ತುಂಡಾಗಿ ಬಿದ್ದ ಲೈನ್ ಆದರೆ ಹತ್ತಿರವೇ ಹೋಗಬೇಡಿ, 1912ಕ್ಕೆ ಫೋನ್ ಮಾಡಿ. ಬಿಡಿಸಿದ ಮೇಲೆ ಉಸಿರು ಇಲ್ಲ ಅಂದ್ರೆ 108ಕ್ಕೆ ಹೇಳಿ ತಕ್ಷಣ ಎದೆ ಒತ್ತೋಕೆ ಶುರು ಮಾಡಿ. ಎದೆಯ ಮಧ್ಯ, ಐದು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ತಾಳ ತಪ್ಪಿದ ಗುಂಡಿಗೆಯನ್ನು ಸರಿ ಮಾಡೋದು ಡಿಫಿಬ್ರಿಲೇಟರ್. ಅದು ಒಂದೇ ಶಾಕಿನಿಂದ ಎಲ್ಲ ಕೋಶಗಳನ್ನೂ ಒಮ್ಮೆಲೇ ಸುಮ್ಮನಾಗಿಸುತ್ತೆ, ಆಮೇಲೆ ಆ ಚಿಕ್ಕ ಗಂಟು ಮತ್ತೆ ತಾಳ ಹಿಡಿಯೋಕೆ ಅವಕಾಶ ಸಿಗುತ್ತೆ. ಆ ಯಂತ್ರ ಬರೋವರೆಗೆ ಒಂದೊಂದು ನಿಮಿಷ ತಡವಾದರೂ ಬದುಕೋ ಸಾಧ್ಯತೆ ಸುಮಾರು ಹತ್ತನೇ ಒಂದು ಪಾಲು ಕಡಿಮೆ ಆಗುತ್ತೆ. ಬರಗೂರಿನ ಹೊಲಕ್ಕೆ ಆಂಬ್ಯುಲೆನ್ಸ್ ಎಷ್ಟು ನಿಮಿಷಕ್ಕೆ ಬರುತ್ತೆ ಅಂತ ನೀವೇ ಯೋಚನೆ ಮಾಡಿ. ಅಲ್ಲಿವರೆಗೆ ಪಕ್ಕದ ಹೊಲದವನ ಎರಡು ಕೈಯೇ ಅವನ ಗುಂಡಿಗೆ.

ನಮ್ಮ ಪ್ರಸ್ತಾಪ ಮೂರು. ಒಂದು, ಮುಂದಿನ ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ರಸ್ತೆ ಗುಡಿಸೋ ಒಂದು ದಿನ ಕಡಿಮೆ ಮಾಡಿ, ಊರಿನ ಎಲೆಕ್ಟ್ರಿಷಿಯನ್ ಜೊತೆ, ಲೈನ್ ಆಫ್ ಇರೋವಾಗ, ಸ್ಟಾರ್ಟರ್ ಬಾಕ್ಸ್‌ಗಳ ಅರ್ಥ್ ತಡೆ ಮತ್ತು ಕೇಬಲ್ ಸೋರಿಕೆ ಅಳೆದು, ರೈತರ ಕೈಗೆ ಒಂದು ಚೀಟಿ ಕೊಡೋಣ. ಎರಡು, ಮಿನಿ ಪ್ರಾಜೆಕ್ಟಿಗೆ ಇನ್ನೊಂದು ಲೈನ್ ಫಾಲೋವರ್ ರೋಬೋಟ್ ಮಾಡೋ ಬದಲು, ಸೋರಿಕೆ ಎಷ್ಟಿದೆ ಅಂತ ಕನ್ನಡದಲ್ಲಿ ತೋರಿಸಿ, ಟ್ರಿಪ್ ಆಗೋ ಮುಂಚೆ ಮೊಬೈಲಿಗೆ ಎಚ್ಚರಿಕೆ ಕಳಿಸೋ ಸ್ಟಾರ್ಟರ್ ಮಾಡೋಣ. ಟ್ರಿಪ್ ಯಾಕೆ ಆಯಿತು ಅಂತ ಗೊತ್ತಾದರೆ ಬೈಪಾಸ್ ತಂತಿ ಹಾಕೋ ಮನಸ್ಸು ಕಡಿಮೆ ಆಗುತ್ತೆ. ಮೂರು, ಎದೆ ಒತ್ತೋ ವಿಧಾನವನ್ನು ಈ ಕ್ಯಾಂಪಸ್ಸಿನ ಪ್ರತಿಯೊಬ್ಬರೂ ಕಲಿಯೋಣ, ಕಲಿತದ್ದನ್ನು ಊರಲ್ಲಿ ಕನ್ನಡದಲ್ಲಿ ಹೇಳಿಕೊಡೋಣ. ‘ವೆಂಟ್ರಿಕ್ಯುಲರ್ ಫಿಬ್ರಿಲೇಷನ್’ ಅಂತ ಹೇಳಿದರೆ ಯಾರೂ ಕೇಳಿಸಿಕೊಳ್ಳಲ್ಲ. ‘ಗುಂಡಿಗೆ ತಾಳ ತಪ್ಪಿದೆ, ನಿಂತಿಲ್ಲ, ನೀವು ಒತ್ತುತ್ತಾ ಇದ್ದರೆ ಬದುಕಬಹುದು’ ಅಂದ್ರೆ ಕೇಳುತ್ತಾರೆ.

ಮೂರನೆಯದಕ್ಕೆ ದುಡ್ಡೂ ಬೇಡ, ಪರ್ಮಿಷನ್ ಲೆಟರೂ ಹೆಚ್ಚು ಬೇಡ. ಫೆಸ್ಟಿಗೆ ಮುಂಚಿನ ಒಂದು ಶನಿವಾರ ಮಧ್ಯಾಹ್ನ ಸಾಕು. ಬರೋವ್ರ ಪಟ್ಟಿಗೆ ಕನ್ನಡ ಸಂಘದ ರೂಮಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೀವಿ. ಬ್ರಾಂಚ್ ಯಾವುದಾದರೂ ಪರವಾಗಿಲ್ಲ, ಹೆಸರು ಬರೆದು ಹೋಗಿ.